ಪೇಪರ್ ಯಾರದ್ದು? ಹುಡುಕುವ ದಾರಿ

ನಮ್ಮ ಲೈಬ್ರರಿಗೆ ಬರುವ ಹುಡುಗರು "ಈ ಪೇಪರ್ ಯಾರ ಕಡೆ ಸಾರ್?" ಅಂತ ಕೇಳುತ್ತಿರುತ್ತಾರೆ. ಅದು ಆಮೇಲೆ, ಮೊದಲು ಯಾರದ್ದು ಅಂತ ನೋಡಿ ಅನ್ನುತ್ತೇನೆ. ‘ದಿ ಹಿಂದೂ’ವನ್ನೇ ತೆಗೆದುಕೊಳ್ಳಿ.

ಪುಟದ ಅಡಿಯಲ್ಲಿ ಎಲ್ಲೋ ಒಂದು ಕಡೆ ಇರುವೆ ಸಾಲಿನಂಥ ಅಕ್ಷರ ಇರುತ್ತದೆ. ಮುದ್ರಕರು, ಪ್ರಕಾಶಕರು, ಸಂಪಾದಕರು. ಸಂಪಾದಕರ ಹೆಸರು ನೋಡಿ ನಿಲ್ಲಬೇಡಿ, ಅವರು ಸಂಬಳಕ್ಕಿರುವವರೂ ಆಗಿರಬಹುದು. ‘ಇವರ ಪರವಾಗಿ’ ಅಂತ ಯಾರ ಹೆಸರಿದೆಯೋ ಅದನ್ನು ಬರೆದುಕೊಳ್ಳಿ. ಹಿಂದೂವಿನಲ್ಲಿ ಅದು ಟಿಎಚ್‌ಜಿ ಪಬ್ಲಿಷಿಂಗ್ ಪ್ರೈವೇಟ್ ಲಿಮಿಟೆಡ್. 2017ಕ್ಕೆ ಮುಂಚಿನ ಸಂಚಿಕೆ ತೆಗೆದರೆ ಕಸ್ತೂರಿ ಅಂಡ್ ಸನ್ಸ್.

ಈಗ ಹಳೆ ಸಂಚಿಕೆಗಳ ಕಟ್ಟು ಬಿಚ್ಚಿ, ಮಾರ್ಚ್ ಮೊದಲ ದಿನಗಳದ್ದು. 1956ರ ಪತ್ರಿಕಾ ನೋಂದಣಿ ನಿಯಮದ ಪ್ರಕಾರ ಫೆಬ್ರವರಿ ಮುಗಿದ ಮೇಲಿನ ಮೊದಲ ಸಂಚಿಕೆಯಲ್ಲಿ ‘ಫಾರ್ಮ್ 4’ ಛಾಪಿಸಬೇಕಿತ್ತು. ಶೇ. 1ಕ್ಕಿಂತ ಜಾಸ್ತಿ ಬಂಡವಾಳ ಇರುವವರ ಹೆಸರು, ವಿಳಾಸ ಎಲ್ಲ ಅಲ್ಲಿರುತ್ತದೆ. ನನಗೆ ತುಂಬಾ ಇಷ್ಟದ ಪುಟ ಇದು. ಯಾರೂ ಓದುವುದಿಲ್ಲ ಅನ್ನುವ ಧೈರ್ಯದಲ್ಲೇ ಹಾಕುತ್ತಿದ್ದರೇನೋ!

ಆಮೇಲೆ ಕೇಂದ್ರದ ಕಂಪನಿ ವ್ಯವಹಾರ ಸಚಿವಾಲಯದ ವೆಬ್‌ಸೈಟ್. ಕಂಪನಿ ಹೆಸರು ಹಾಕಿದರೆ ನಿರ್ದೇಶಕರು ಯಾರು ಅಂತ ಪುಕ್ಕಟೆ ಸಿಗುತ್ತದೆ. 100 ರೂಪಾಯಿ ಕಟ್ಟಿದರೆ ಕಂಪನಿ ವರ್ಷವರ್ಷ ಸರ್ಕಾರಕ್ಕೆ ಸಲ್ಲಿಸುವ ‘ಆನ್ಯುಯಲ್ ರಿಟರ್ನ್’ ನೋಡಬಹುದು, ಷೇರುದಾರರ ಪಟ್ಟಿ ಅದರ ಜೊತೆಗಿರುತ್ತದೆ. ಪಟ್ಟಿಯಲ್ಲಿ ಇನ್ನೊಂದು ಕಂಪನಿ ಕಂಡರೆ ಅದನ್ನೂ ಹುಡುಕಿ. ಮನುಷ್ಯರ ಹೆಸರು ಸಿಗುವ ತನಕ ಬಿಡಬೇಡಿ.

ಹೆಸರುಗಳು ಸಿಕ್ಕ ಮೇಲೆ ಇತಿಹಾಸ ಓದಿ, ಆಗ ರುಚಿ ಹತ್ತುತ್ತದೆ. ಹಿಂದೂ ಶುರುವಾದದ್ದು 1878ರಲ್ಲಿ, ಮದರಾಸಿನಲ್ಲಿ, ವಾರಪತ್ರಿಕೆಯಾಗಿ. ಮೊದಲ ಸಂಚಿಕೆ ಬರೀ 80 ಪ್ರತಿ. ಜಿ. ಸುಬ್ರಮಣ್ಯ ಅಯ್ಯರ್ ಮತ್ತು ಐವರು ಗೆಳೆಯರು ಸಾಲ ಮಾಡಿ ತಂದದ್ದು. 1889ರಲ್ಲಿ ದಿನಪತ್ರಿಕೆ ಆಯಿತು. 1905ರಲ್ಲಿ ವಕೀಲ ಕಸ್ತೂರಿರಂಗ ಅಯ್ಯಂಗಾರ್ 75,000 ರೂಪಾಯಿಗೆ ಕೊಂಡರು. ಅಲ್ಲಿಂದ ಇವತ್ತಿನವರೆಗೂ ಅದೇ ಕುಟುಂಬ. ದೊಡ್ಡ ಉದ್ಯಮಿಯ ಕೈಗೆ ಹೋಗಿಲ್ಲ ನಿಜ, ಆದರೆ ಮನೆಯವರ ಮಾತೂ ಮಾಲೀಕರ ಮಾತೇ ಅಲ್ವಾ? 2013ರಲ್ಲಿ ಹೊರಗಿನಿಂದ ಬಂದ ಸಂಪಾದಕರು ರಾಜೀನಾಮೆ ಕೊಟ್ಟದ್ದು ಆ ಮನೆಯವರೇ ತುಂಬಿದ ಆಡಳಿತ ಮಂಡಳಿಯ ತೀರ್ಮಾನದ ನಂತರ.

ಕೈ ಬದಲಾದ ಪತ್ರಿಕೆಯಾದರೆ ಮಾಲೀಕರ ಪ್ರಭಾವ ಗುರುತಿಸುವುದು ಇನ್ನೂ ಸುಲಭ. ‘ವಿಜಯ ಕರ್ನಾಟಕ’ 2006ರಲ್ಲಿ ಟೈಮ್ಸ್ ಗುಂಪಿಗೆ ಹೋಯಿತು. ಅದಕ್ಕೆ ಮುಂಚಿನ ಒಂದು ತಿಂಗಳು, ಆಮೇಲಿನ ಒಂದು ತಿಂಗಳು ಪಕ್ಕಪಕ್ಕ ಇಟ್ಟು ಮುಖಪುಟ ನೋಡುತ್ತಾ ಹೋಗಿ.