ಹಳೆಯ ಡೀಸೆಲ್ ಐಷಾರಾಮಿ ಕಾರು: ಮಲೆನಾಡಿನವರು ಮುಂಗಡ ಕೊಡುವ ಮುನ್ನ

ಹೊಸದಿದ್ದಾಗ ಐವತ್ತು ಲಕ್ಷ ರೂಪಾಯಿ ಬಾಳುತ್ತಿದ್ದ ಜರ್ಮನ್ ಸೆಡಾನ್ ಏಳೆಂಟು ವರ್ಷ ಓಡಿದ ಮೇಲೆ ಒಂದು ಹೊಸ ಸಾಧಾರಣ ಎಸ್‌ಯುವಿಯ ದರಕ್ಕೆ ಇಳಿಯುತ್ತದೆ. ಅಡಿಕೆ ಮಾರಿದ ಹಣ ಕೈಸೇರುವ ತಿಂಗಳುಗಳಲ್ಲಿ ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಇಂಥ ಕಾರುಗಳ ವಿಚಾರಣೆ ಹೆಚ್ಚುವುದು ಸಹಜವೇ. ಆದರೆ ಕಾರಿನ ಬೆಲೆ ಇಳಿದಂತೆ ಅದರ ಬಿಡಿಭಾಗಗಳ ಬೆಲೆ ಇಳಿಯುವುದಿಲ್ಲ ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾತುಕತೆಗೆ ಕೂರಬೇಕು.

ಓಡಾಟದ ಲೆಕ್ಕ ಮೊದಲು

ಕಾರು ನೋಡಲು ಹೊರಡುವ ಮುನ್ನ, ದಿನಕ್ಕೆ ಎಷ್ಟು ದೂರ ಹೋಗುತ್ತೇವೆ, ಒಂದೇ ಸಮನೆ ಎಷ್ಟು ಹೊತ್ತು ಓಡಿಸುತ್ತೇವೆ ಎಂಬುದನ್ನು ಬರೆದುಕೊಳ್ಳಿ. 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ಎಂಬ ಹೊಗೆ ಮಾಲಿನ್ಯ ನಿಯಮದ ಡೀಸೆಲ್ ಕಾರುಗಳಲ್ಲಿ, ಹಾಗೆಯೇ ಅದಕ್ಕಿಂತ ಹಿಂದಿನ ಕೆಲವು ಐಷಾರಾಮಿ ಕಾರುಗಳಲ್ಲಿ, ಹೊಗೆಯ ಮಸಿಯನ್ನು ಹಿಡಿದಿಡುವ ಡಿಪಿಎಫ್ ಎಂಬ ಫಿಲ್ಟರ್ ಇರುತ್ತದೆ. ಸಂಗ್ರಹವಾದ ಮಸಿ ಸುಟ್ಟು ಹೋಗಬೇಕಾದರೆ ಫಿಲ್ಟರಿನ ಒಳಗೆ ಸುಮಾರು 600 ಡಿಗ್ರಿ ಸೆಲ್ಸಿಯಸ್ ಶಾಖ ಏರಬೇಕು. ಅದಕ್ಕೆ ಹೆದ್ದಾರಿಯಲ್ಲಿ ಸ್ವಲ್ಪ ಹೊತ್ತು ನಿಲ್ಲದೆ ಓಡಬೇಕು. ತೋಟದಿಂದ ಪೇಟೆಗೆ ಆರೇಳು ಕಿಲೋಮೀಟರ್, ಅಲ್ಲಿಂದ ಸೊಸೈಟಿ, ಬ್ಯಾಂಕು, ಮತ್ತೆ ಮನೆ ಎಂಬ ಓಡಾಟದಲ್ಲಿ ಈ ಕೆಲಸ ಪ್ರತಿ ಸಲವೂ ಅರ್ಧಕ್ಕೆ ನಿಲ್ಲುತ್ತದೆ. ಮಸಿ ಸುಡಲೆಂದು ಹೆಚ್ಚುವರಿಯಾಗಿ ಸಿಂಪಡಿಸಿದ ಡೀಸೆಲ್ ಉರಿಯದೆ ಉಳಿದು, ಇಳಿದು ಎಂಜಿನ್ ಆಯಿಲಿಗೆ ಸೇರುತ್ತದೆ. ಆಯಿಲ್ ಮಟ್ಟ ಇರಬೇಕಾದ ಗೆರೆಗಿಂತ ಮೇಲೇರಿದ್ದರೆ ಈ ತೊಂದರೆಯನ್ನು ಶಂಕಿಸಬೇಕು. ಫಿಲ್ಟರ್ ತೆಗೆಸಿದ್ದೇವೆ, ಇನ್ನು ತಲೆನೋವಿಲ್ಲ ಎಂದು ಮಾರುವವರು ಹೇಳಿದರೆ ಅಲ್ಲಿಂದ ಎದ್ದು ಬರುವುದು ಲೇಸು, ಏಕೆಂದರೆ ಅದು ನಿಯಮಬಾಹಿರ.

ವಾರಕ್ಕೊಮ್ಮೆಯಾದರೂ ಬೆಂಗಳೂರಿಗೋ ಹುಬ್ಬಳ್ಳಿಗೋ ಹೋಗಿಬರುವವರಿಗೆ ಡೀಸೆಲ್ ಹೊಂದುತ್ತದೆ. ಉಳಿದವರು ಒಂದು ಸರಳ ಗುಣಾಕಾರ ಮಾಡಿ ನೋಡಲಿ. ವರ್ಷಕ್ಕೆ 12,000 ಕಿಲೋಮೀಟರ್ ಓಡಿಸುವವರಿಗೆ ಡೀಸೆಲ್ ಕಾರು ಲೀಟರಿಗೆ 15, ಪೆಟ್ರೋಲ್ ಕಾರು 11 ಕಿಲೋಮೀಟರ್ ಕೊಡುತ್ತದೆಂದೂ, ದರ ಕ್ರಮವಾಗಿ 90 ಮತ್ತು 102 ರೂಪಾಯಿ ಎಂದೂ ಇಟ್ಟುಕೊಂಡರೆ ವರ್ಷದ ಉಳಿತಾಯ 39,000 ರೂಪಾಯಿಯ ಆಸುಪಾಸು. ಎಂಜಿನ್ನಿಗೆ ಡೀಸೆಲ್ ಸಿಂಪಡಿಸುವ ಇಂಜೆಕ್ಟರ್ ಅಥವಾ ಗಾಳಿ ಒತ್ತಿ ತುಂಬುವ ಟರ್ಬೊ ಒಮ್ಮೆ ಕೈಕೊಟ್ಟರೆ ಈ ಮೊತ್ತ ಸಾಲುವುದಿಲ್ಲ.

ಮನೆಯ ದಾರಿ, ರಿಪೇರಿಯ ದಾರಿ

2017ರಿಂದ ಇಲ್ಲಿ ಮಾರಾಟವಾದ ಮರ್ಸಿಡಿಸ್ ಇ-ಕ್ಲಾಸ್‌ನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ ಮೂರು ಮೀಟರಿಗೂ ಹೆಚ್ಚು ಅಂತರವಿದೆ. ಇಷ್ಟು ಉದ್ದದ, ತಗ್ಗಾದ ಕಾರು ಧರೆ ಕಡಿದು ಮಾಡಿದ ಏರುದಾರಿಯ ನೆತ್ತಿಯಲ್ಲಿ ತಳ ಕೆರೆದುಕೊಳ್ಳದೆ ದಾಟುವುದು ಕಷ್ಟ. ಆದ್ದರಿಂದ ಒಮ್ಮೆ ಕಾರನ್ನು ಅಂಗಳದವರೆಗೂ ತರಿಸಿ ನೋಡಿ. ಸ್ಟೆಪ್ನಿ ಇದೆಯೇ ಎಂದೂ ಕೇಳಿ. ಗಾಳಿ ಹೋದರೂ ಸ್ವಲ್ಪ ದೂರ ಓಡುವ ರನ್‌ಫ್ಲಾಟ್ ಟೈರ್ ಹಾಕಿದ ಅನೇಕ ಕಾರುಗಳಲ್ಲಿ ಅದು ಇರುವುದಿಲ್ಲ, ಮತ್ತು ಆ ಅಳತೆಯ ಟೈರು ಕೊಪ್ಪದಲ್ಲೋ ಸೊರಬದಲ್ಲೋ ತಕ್ಷಣ ಸಿಗುವ ವಸ್ತುವಲ್ಲ.

ಶಿವಮೊಗ್ಗದ ಮೆಕ್ಯಾನಿಕ್‌ಗಳು ಆಯಿಲ್, ಬ್ರೇಕ್, ಸಸ್ಪೆನ್ಶನ್ ಕೆಲಸಗಳನ್ನು ಅಚ್ಚುಕಟ್ಟಾಗಿ ಮಾಡುತ್ತಾರೆ. ಆದರೆ ಗೇರ್‌ಬಾಕ್ಸಿನ ಎಲೆಕ್ಟ್ರಾನಿಕ್ಸ್ ಕೆಟ್ಟರೆ ಮಂಗಳೂರಿಗೋ, ಸುಮಾರು 300 ಕಿಲೋಮೀಟರ್ ದೂರದ ಬೆಂಗಳೂರಿಗೋ ಕಾರನ್ನು ಲಾರಿಯ ಮೇಲೆ ಹೇರಿಕೊಂಡು ಹೋಗಬೇಕಾದೀತು. ಆ ಬಾಡಿಗೆಯೂ ಲೆಕ್ಕದಲ್ಲಿರಲಿ. ಖರೀದಿ ಬೆಲೆಯ ಕಾಲು ಭಾಗವನ್ನಾದರೂ ಮೊದಲ ವರ್ಷದ ರಿಪೇರಿಗೆಂದು ಬದಿಗಿಡಲಾಗದವರು ಈ ಆಸೆಯನ್ನು ಮುಂದೂಡುವುದು ಒಳ್ಳೆಯದೆಂಬುದು ನನ್ನ ಖಚಿತ ಅಭಿಪ್ರಾಯ.

ಕಾರನ್ನು ನೋಡುವ ಬಗೆ

ಬೆಳಿಗ್ಗೆಯೇ ಹೋಗಿ. ಬಾನೆಟ್ ಮುಟ್ಟಿದಾಗ ತಣ್ಣಗಿರಬೇಕು. ಬೆಚ್ಚಗಿದ್ದರೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆಂದು ಅರ್ಥ. ಸ್ಟಾರ್ಟ್ ಆದ ಮೊದಲ ಕೆಲವು ಸೆಕೆಂಡು ಕಿವಿಗೊಟ್ಟು ಕೇಳಿ. 2011ರ ವರೆಗಿನ ಬಿಎಂಡಬ್ಲ್ಯು ಎನ್47 ಡೀಸೆಲ್ ಎಂಜಿನ್ನಿನಲ್ಲಿ, ಒಳಗಿನ ವಾಲ್ವುಗಳನ್ನು ಸರಿಯಾದ ಹೊತ್ತಿಗೆ ತೆರೆಸುವ ಟೈಮಿಂಗ್ ಚೈನ್ ಸವೆಯುವ ದೂರು ಹೆಸರುವಾಸಿ. ಚೈನ್ ಗೇರ್‌ಬಾಕ್ಸಿನ ಕಡೆಗಿರುವುದರಿಂದ ಅದನ್ನು ಬದಲಿಸುವುದು ದೊಡ್ಡ ಕೆಲಸ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಕಪ್ಪು ಹೊಗೆ ಬಂದರೆ ಇಂಧನ ಸರಿಯಾಗಿ ಉರಿಯುತ್ತಿಲ್ಲ.

ನಮ್ಮ ಕಡೆಯ ಕಾರುಗಳಲ್ಲಿ ಎಂಜಿನ್‌ಗಿಂತ ಹೆಚ್ಚು ಎಚ್ಚರದಿಂದ ಹುಡುಕಬೇಕಾದದ್ದು ನೀರು. ಸನ್‌ರೂಫಿನ ನಾಲ್ಕು ಮೂಲೆಗಳಿಂದ ಮಳೆನೀರು ಹರಿದುಹೋಗಲು ಸಣ್ಣ ಕೊಳವೆಗಳಿರುತ್ತವೆ. ಮರದಡಿ ನಿಲ್ಲಿಸಿದ ಕಾರಿನಲ್ಲಿ ತರಗೆಲೆಯ ಪುಡಿ ಸೇರಿ ಅವು ಕಟ್ಟಿಕೊಂಡರೆ ನೀರು ಚಾವಣಿಯನ್ನು ಹೊತ್ತ ಕಂಬದೊಳಗಿಂದ ಇಳಿದು ಕಾಲಡಿಯ ಕಾರ್ಪೆಟ್ಟಿನ ಕೆಳಗೆ ನಿಲ್ಲುತ್ತದೆ. ಎಷ್ಟೋ ಐಷಾರಾಮಿ ಕಾರುಗಳ ಕಂಟ್ರೋಲ್ ಯೂನಿಟ್ ಮತ್ತು ವೈರಿಂಗ್ ಕನೆಕ್ಟರುಗಳು ಇರುವುದೂ ಅಲ್ಲೇ, ಇಲ್ಲವೇ ಡಿಕ್ಕಿಯ ತಳದಲ್ಲಿ. ಕಾರ್ಪೆಟ್ಟಿನ ಮೇಲ್ಭಾಗ ಒಣಗಿದ್ದರೂ ಅಡಿಯ ಸ್ಪಂಜು ವಾರಗಟ್ಟಲೆ ಒದ್ದೆಯಾಗಿರುತ್ತದೆ, ಆದ್ದರಿಂದ ಅಂಚನ್ನು ಎತ್ತಿ ಬೆರಳಿನಿಂದ ಒತ್ತಿ ನೋಡಿ. ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆದರೆ ಕೊನೆಯ ಗೇಣಿನಲ್ಲಿ ಬೂಸಲು ಅಥವಾ ಕೆಸರಿನ ಗೆರೆ ಕಾಣಬಹುದು. ಕಾರು ತೊಳೆಸುವವರ ಕೈ ಅಲ್ಲಿಯವರೆಗೆ ಹೋಗಿರುವುದಿಲ್ಲ. ಬಾನೆಟ್ಟಿನ ಕೆಳಗೆ ಇಲಿ ಕಡಿದ ವೈರಿಗೆ ಟೇಪು ಸುತ್ತಿದ್ದು ಕಂಡರೆ ಅದು ಒಂದೇ ಜಾಗವೆಂದು ನಂಬಬೇಡಿ.

ಓಡಿಸಿ ನೋಡುವಾಗ ಊರೊಳಗೆ ಒಂದು ಸುತ್ತು ಸಾಲದು. ಶಿವಮೊಗ್ಗದಿಂದ ಮಂಡಗದ್ದೆಯವರೆಗೆ ಹೋಗಿ ಬನ್ನಿ. ಎಂಜಿನ್ ಬಿಸಿಯಾದ ಮೇಲೆ ಗೇರ್ ಬದಲಾಗುವಾಗ ಜಗ್ಗುತ್ತದೆಯೇ, ತಿರುವಿನಲ್ಲಿ ಸ್ಟೀರಿಂಗ್ ಕಡೆಯಿಂದ ಕಟಕಟ ಸದ್ದು ಬರುತ್ತದೆಯೇ ಗಮನಿಸಿ. ಗೇರ್‌ಬಾಕ್ಸ್ ಆಯಿಲನ್ನು ಜೀವಮಾನವಿಡೀ ಬದಲಿಸಬೇಕಿಲ್ಲ ಎಂಬ ಮಾತನ್ನು ಒಪ್ಪಬೇಡಿ. ಅನೇಕ ಬಿಎಂಡಬ್ಲ್ಯುಗಳಲ್ಲಿರುವ ಗೇರ್‌ಬಾಕ್ಸ್ ತಯಾರಿಸುವ ಝೆಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿಲೋಮೀಟರಿನೊಳಗೆ ಬದಲಿಸಲು ಹೇಳುತ್ತದೆ.

ಕಾಗದಪತ್ರ

ದೆಹಲಿ ಸುತ್ತಮುತ್ತ 10 ವರ್ಷ ದಾಟಿದ ಡೀಸೆಲ್ ವಾಹನಗಳ ಮೇಲಿನ ನಿರ್ಬಂಧವನ್ನು ಸುಪ್ರೀಂ ಕೋರ್ಟ್ 2018ರಲ್ಲಿ ಎತ್ತಿಹಿಡಿದ ಬಳಿಕ, ಆ ಕಡೆಯ ಕಾರುಗಳು ಅಗ್ಗದ ದರಕ್ಕೆ ದಕ್ಷಿಣಕ್ಕೂ ಬರುತ್ತಿವೆ. ಅಗ್ಗವೆಂದು ಹಿಗ್ಗುವ ಮುನ್ನ, ಹೊರರಾಜ್ಯದ ವಾಹನ 12 ತಿಂಗಳಿಗಿಂತ ಹೆಚ್ಚು ಕಾಲ ಇಲ್ಲಿದ್ದರೆ ಮರುನೋಂದಣಿ ಕಡ್ಡಾಯವೆಂಬುದನ್ನೂ, ಕರ್ನಾಟಕದ ಜೀವಾವಧಿ ತೆರಿಗೆಯನ್ನು ಕಾರಿನ ಮೂಲ ಬೆಲೆ ಮತ್ತು ವಯಸ್ಸಿನ ಮೇಲೆ ಹಾಕುತ್ತಾರೆಂಬುದನ್ನೂ ತಿಳಿದಿರಬೇಕು. ಎಷ್ಟಾಗುತ್ತದೆಂದು ಆರ್‌ಟಿಒ ಕಚೇರಿಯಲ್ಲೇ ಕೇಳಿ, ಆಮೇಲೆ ಚೌಕಾಸಿಗೆ ಇಳಿಯಿರಿ. ಸ್ಥಳೀಯ ಕೆಎ-14 ಅಥವಾ ಕೆಎ-15 ನೋಂದಣಿಯ ಕಾರಾದರೆ ಈ ರಗಳೆಯಿಲ್ಲ.

ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಸಾಲದ ನಮೂದು ಬಾಕಿಯಿದೆಯೇ ನೋಡಿ. ಇದ್ದರೆ ಬ್ಯಾಂಕಿನ ಎನ್‌ಒಸಿ (ನಿರಾಕ್ಷೇಪಣಾ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರ್ಮ್ 35 ಬರುವವರೆಗೆ ಹಣ ಕೊಡಬೇಡಿ. ಚಾಸಿ ನಂಬರ್ ಕೊಟ್ಟು ಕಂಪನಿಯ ಸರ್ವಿಸ್ ದಾಖಲೆ ಕೇಳಿ ಪಡೆದು, ಅಲ್ಲಿ ಬರೆದ ಕಿಲೋಮೀಟರನ್ನು ಮೀಟರಿನೊಂದಿಗೆ ಹೋಲಿಸಿ. ಮಾಲೀಕತ್ವ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಸಹಿ ಆದ ಮೇಲೆ 14 ದಿನದೊಳಗೆ ವಿಮೆಯನ್ನೂ ತಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ಹಳೆಯ ಮಾಲೀಕರ ನೋ ಕ್ಲೇಮ್ ಬೋನಸ್, ಅಂದರೆ ವಿಮಾ ಪರಿಹಾರ ಕೇಳದವರಿಗೆ ಕಂತಿನಲ್ಲಿ ಸಿಗುವ ರಿಯಾಯಿತಿ, ಅವರ ಜೊತೆಯೇ ಹೋಗುವುದರಿಂದ, ಪಾಲಿಸಿ ವರ್ಗಾವಣೆಯ ಸಮಯದಲ್ಲಿ ಆ ವ್ಯತ್ಯಾಸದ ಹಣವನ್ನು ಕೊಂಡವರೇ ಕಟ್ಟಬೇಕಾಗುತ್ತದೆ.