ಮೊದಲ ಬ್ರೂಟಲ್ ಡೆತ್ ಮೆಟಲ್ ಆಲ್ಬಂ: ದುಡ್ಡು, ಸಮಯ ಎರಡೂ ಡ್ರಮ್ಸ್‌ಗೆ ಮೊದಲು

ನಿಮ್ಮ ಬ್ಯಾಂಡ್‌ನ ಮೊದಲ ಬ್ರೂಟಲ್ ಡೆತ್ ಮೆಟಲ್ (ಅತಿ ವೇಗದ, ಗುರುಗುಟ್ಟುವ ಗಂಟಲಿನ ಮೆಟಲ್) ಆಲ್ಬಂಗೆ ಎಂಟು ಹಾಡು, 28 ನಿಮಿಷ. ಈ ಬಗೆಯ ಸಂಗೀತಕ್ಕೆ ಅಷ್ಟು ಸಾಕು. ಮುಕ್ಕಾಲು ಗಂಟೆ ಬ್ಲಾಸ್ಟ್ ಬೀಟ್ (ಎಡೆಬಿಡದ ಅತಿ ವೇಗದ ಡ್ರಮ್ ಹೊಡೆತ) ಕೇಳಿದ ಕಿವಿಗೆ ಕೊನೆಯ ಮೂರು ಹಾಡುಗಳು ಒಂದೇ ಗದ್ದಲ.

ಸ್ಟುಡಿಯೋ ಬುಕ್ ಮಾಡುವ ಮೊದಲು ಪ್ರತಿ ಹಾಡಿನ ಟೆಂಪೋ ಬರೆದಿಡಿ: ಯಾವ ಬಾರ್‌ನಿಂದ 240 ಬಿಪಿಎಂ (ನಿಮಿಷಕ್ಕೆ 240 ಬೀಟ್), ಸ್ಲ್ಯಾಮ್ (ನಿಧಾನದ, ಭಾರವಾದ) ಭಾಗಕ್ಕೆ ಎಲ್ಲಿ 110ಕ್ಕೆ ಇಳಿಯಬೇಕು ಅಂತ. ಜ್ಯಾಮ್ ರೂಮಿನಲ್ಲಿ ಆ ಟೆಂಪೋದ ಕ್ಲಿಕ್ (ತಾಳದ ಟಿಕ್ ಟಿಕ್ ಸದ್ದು) ಹಾಕಿಕೊಂಡು, ಗಿಟಾರ್ ಇಲ್ಲದೆ, ಡ್ರಮ್ಮರ್ ಒಬ್ಬರೇ ಹಾಡನ್ನು ಮೂರು ಸಲ ತಪ್ಪಿಲ್ಲದೆ ಮುಗಿಸಬೇಕು. ಅಲ್ಲಿಯವರೆಗೆ ಅಡ್ವಾನ್ಸ್ ಕೊಡಬೇಡಿ. ಗಿಟಾರ್, ಬಾಸ್ ಎರಡನ್ನೂ ಮನೆಯಲ್ಲೇ ರೆಕಾರ್ಡ್ ಮಾಡಬಹುದು. ಡ್ರಮ್ಸ್‌ಗೆ ಮಾತ್ರ ಒಳ್ಳೆಯ ರೂಮು, ಎಂಟು ಹತ್ತು ಮೈಕು ಬೇಕೇ ಬೇಕು. ಬಜೆಟ್‌ನ ಅರ್ಧ ಅಲ್ಲಿಗೆ ಹೋದರೂ ಬೇಜಾರಿಲ್ಲ.

ಡ್ರಮ್ಮಿನ ಹೊಸ ಹೆಡ್‌ಗಳನ್ನು (ಬಾರಿಸುವ ಮೇಲ್ಪದರ) ಹಿಂದಿನ ದಿನವೇ ಹಾಕಿ, ಬಾರಿಸಿ, ಎಳೆದು ಕೂತ ಮೇಲೆ ಮತ್ತೆ ಟ್ಯೂನ್ ಮಾಡಿ. ಸ್ನೇರ್ ಬಿಗಿಯಾಗಿರಲಿ, ಸಡಿಲ ಸ್ನೇರ್ ಬ್ಲಾಸ್ಟ್ ನಡುವೆ ಗಿಟಾರ್ ಒಳಗೆ ಮುಳುಗಿಹೋಗುತ್ತದೆ. ಡ್ರಮ್ಸ್ ಮೇಲೆ ಕಟ್ಟುವ ಎರಡು ಓವರ್‌ಹೆಡ್ ಮೈಕುಗಳೂ ಸ್ನೇರ್‌ನ ನಡುವಿನಿಂದ ಸಮದೂರದಲ್ಲಿ ಇರಬೇಕು. ಅದಕ್ಕೆ ಟೇಪೂ ಬೇಡ, ಒಂದು ದಾರ ಸಾಕು. ಒಂದು ಮೀಟರ್ ಹೆಚ್ಚುಕಡಿಮೆಯಾದರೆ ಶಬ್ದ ಸುಮಾರು 3 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ, ಸ್ನೇರ್ ಪೇಲವವಾಗುತ್ತದೆ.

ಕಿಕ್‌ನಲ್ಲಿ (ಕಾಲಿನಿಂದ ಬಾರಿಸುವ ದೊಡ್ಡ ಡ್ರಮ್) ಎಡವುವವರೇ ಜಾಸ್ತಿ. 240 ಬಿಪಿಎಂನಲ್ಲಿ ಡಬಲ್ ಬಾಸ್ (ಎರಡೂ ಕಾಲಿನಿಂದ ಬೀಟಿಗೆ ನಾಲ್ಕು ಹೊಡೆತ) ಅಂದರೆ ಸೆಕೆಂಡಿಗೆ 16 ಹೊಡೆತ, ಒಂದಕ್ಕೂ ಇನ್ನೊಂದಕ್ಕೂ ನಡುವೆ 62.5 ಮಿಲಿಸೆಕೆಂಡ್. ಕಿಕ್ ಸ್ಯಾಂಪಲ್‌ನ (ಮೊದಲೇ ರೆಕಾರ್ಡ್ ಮಾಡಿಟ್ಟ ಹೊಡೆತ) ಬಾಲ ಅದಕ್ಕಿಂತ ಉದ್ದವಿದ್ದರೆ ಹೊಡೆತಗಳು ಒಂದರ ಮೇಲೊಂದು ಬಿದ್ದು ಬರೀ ಗುಡುಗಾಗುತ್ತವೆ. ಬಾಲ ಕತ್ತರಿಸಿ, 4ರಿಂದ 5 ಕಿಲೋಹರ್ಟ್ಸ್ ಹತ್ತಿರ ಎತ್ತಿ; 'ಟಕ್' ಅನ್ನುವ ಸದ್ದು ಸಿಗುವುದು ಅಲ್ಲೇ. ಟ್ರಿಗರ್ (ಹೊಡೆದಾಗ ಸ್ಯಾಂಪಲ್ ನುಡಿಸುವ ಸೆನ್ಸರ್) ಹಾಕಿದ್ದರೂ ಕಿಕ್ ಮೈಕ್ ತೆಗೆಯಬೇಡಿ. ಸ್ಯಾಂಪಲ್‌ನ ಅಲೆಯ ಮೊದಲ ಏರು, ಮೈಕಿನ ಅಲೆಯ ಮೊದಲ ಏರು ಒಂದೇ ಗೆರೆಗೆ ಬರಲಿ. ಎರಡನ್ನೂ ಸೇರಿಸಿದಾಗ ತಳವೇ ಮಾಯವಾದರೆ ಒಂದರ ಪೊಲಾರಿಟಿ (ಅಲೆಯ ಮೇಲು-ಕೆಳಗು) ತಿರುಗಿಸಿ. ಎಲ್ಲ ಹೊಡೆತಕ್ಕೂ ಒಂದೇ ವೆಲಾಸಿಟಿ (ಹೊಡೆತದ ಜೋರು) ಕೊಟ್ಟರೆ ಟೈಪ್‌ರೈಟರ್ ಕೇಳಿದ ಹಾಗಾಗುತ್ತದೆ.

ಡ್ರಾಪ್ ಎ ಟ್ಯೂನಿಂಗ್‌ನಲ್ಲಿ (ದಪ್ಪ ತಂತಿಯನ್ನು ಕೆಳಗಿನ 'ಎ' ಸ್ವರಕ್ಕೆ ಇಳಿಸಿದಾಗ) ಗಿಟಾರಿನ ದಪ್ಪ ತಂತಿ 55 ಹರ್ಟ್ಸ್. 25.5 ಇಂಚು ಸ್ಕೇಲಿನ (ತಂತಿ ಮಿಡಿಯುವ ಉದ್ದ) ಗಿಟಾರಿಗೆ 0.064ರಿಂದ 0.068 ಇಂಚಿನ ತಂತಿ ಬೇಕು, ಮಾಮೂಲಿ 0.046 ತಂತಿ ಹಗ್ಗದ ಹಾಗೆ ಜೋತುಬೀಳುತ್ತದೆ. ದಪ್ಪ ತಂತಿ ನಟ್‌ನ (ಗಿಟಾರಿನ ಕತ್ತಿನ ತುದಿಯ ಪಟ್ಟಿ) ಕಚ್ಚಿನಲ್ಲಿ ಕೂರದಿದ್ದರೆ ಅದನ್ನು ಅರದಿಂದ ಅಗಲ ಮಾಡಿಸಿ, ಇಂಟೊನೇಶನ್ (ಕತ್ತಿನ ಉದ್ದಕ್ಕೂ ಸ್ವರ ಸರಿ ಬರುವ ಹೊಂದಿಕೆ) ಹೊಸದಾಗಿ ಸೆಟ್ ಮಾಡಿ. ಮೆಲ್ಲಗೆ ಮೀಟಿ ಟ್ಯೂನ್ ಮಾಡಬೇಡಿ. ಜೋರಾಗಿ ಹೊಡೆದಾಗ ಸ್ವರ ಏರುತ್ತದೆ, ಆದ್ದರಿಂದ ಹಾಡಿನಲ್ಲಿ ಹೊಡೆಯುವಷ್ಟೇ ಜೋರಾಗಿ ಹೊಡೆದು ಟ್ಯೂನ್ ಮಾಡಿ. ಪ್ರತಿ ರಿಫ್ (ಮರಳಿ ಮರಳಿ ಬರುವ ಗಿಟಾರ್ ತುಣುಕು) ಎರಡು ಬೇರೆ ಬೇರೆ ಟೇಕ್: ಒಂದು ಪೂರ್ತಿ ಎಡಕ್ಕೆ, ಒಂದು ಪೂರ್ತಿ ಬಲಕ್ಕೆ. ಒಂದನ್ನೇ ಕಾಪಿ ಮಾಡಿದರೆ ಅಗಲ ಬರುವುದಿಲ್ಲ. ಗೇನ್ (ಡಿಸ್ಟಾರ್ಶನ್ ಪ್ರಮಾಣ) ಅನ್ನು ಸ್ಟೇಜಿಗಿಂತ ಕಡಿಮೆ ಮಾಡಿ. ಡಿಐ ಟ್ರ್ಯಾಕ್ (ಆಂಪ್‌ಗೆ ಮುಂಚಿನ ನೇರ ಗಿಟಾರ್ ಸಿಗ್ನಲ್) ತಪ್ಪದೆ ಉಳಿಸಿಕೊಳ್ಳಿ, ಆಂಪ್ ಆಮೇಲೆ ಬದಲಿಸಬಹುದು.

ಮನೆ ರೆಕಾರ್ಡಿಂಗ್‌ಗೆ ಬೆಂಗಳೂರಿನ ಮಟ್ಟಿಗೆ ಇನ್ನೊಂದು ಮಾತು. ಕರೆಂಟ್ ಹೋಗಿ ಇನ್ವರ್ಟರ್ ಶುರುವಾದರೆ ಟೇಕ್ ನಿಲ್ಲಿಸಿಬಿಡಿ. ಸೈನ್ ವೇವ್ ಅಲ್ಲದ ಹಳೆಯ ಇನ್ವರ್ಟರ್‌ನ ಗುಂಯ್‌ಗುಡುವಿಕೆ ಹೈ ಗೇನ್ ಗಿಟಾರಿನಲ್ಲಿ ಹತ್ತು ಪಟ್ಟಾಗಿ ಕೂರುತ್ತದೆ, ನಾಯ್ಸ್ ಗೇಟ್ ಅದನ್ನು ನುಡಿಸದಿರುವಾಗ ಮಾತ್ರ ಮುಚ್ಚುತ್ತದೆ. ಕರೆಂಟ್ ಇದ್ದಾಗಲೂ ಗುಂಯ್ ಅಂದರೆ ಅರ್ಥಿಂಗ್ ನೋಡಿಸಿ. ಮೂರನೇ ಪಿನ್ ಮುರಿಯುವ ಜಾಣತನ ಬೇಡ, ಜೀವಕ್ಕೆ ಅಪಾಯ.

ಬಾಸ್ ಟ್ರ್ಯಾಕನ್ನು ಎರಡು ಮಾಡಿ: ತಳದ್ದು ಕ್ಲೀನ್, ಮೇಲಿನದಕ್ಕೆ ಡಿಸ್ಟಾರ್ಶನ್. ಗಿಟಾರನ್ನು 80 ಹರ್ಟ್ಸ್ ಕೆಳಗೆ ಕತ್ತರಿಸಿ ಆ ಜಾಗ ಬಾಸ್, ಕಿಕ್‌ಗೆ ಬಿಡಿ.

ಗಾಯಕರು ಮೈಕ್ ತಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿದರೆ ಹಿಂದಿನ ಕಿಂಡಿಗಳು ಮುಚ್ಚಿ ಮಧ್ಯದ ಆವರ್ತನ ಉಬ್ಬುತ್ತದೆ. ಆ ಸದ್ದೇ ಬೇಕಿದ್ದರೆ ಸ್ಟುಡಿಯೋದ ಕಂಡೆನ್ಸರ್ ಮೈಕ್ ಬಿಟ್ಟು ಸ್ಟೇಜಿನ ಡೈನಾಮಿಕ್ ಮೈಕನ್ನೇ ಕೈಗೆ ಕೊಡಿ. ಗಂಟಲು ಉರಿದರೆ ಅವತ್ತಿಗೆ ಮುಗಿಯಿತು. ಕನ್ನಡದಲ್ಲಿ ಬರೆಯುವುದಾದರೆ ಒಂದು ತೊಡಕಿದೆ: ನಮ್ಮ ಪದಗಳು ಹೆಚ್ಚಾಗಿ ಅ, ಇ, ಉ ಥರದ ಸ್ವರಾಕ್ಷರದ ಸದ್ದಿನಲ್ಲಿ ಮುಗಿಯುತ್ತವೆ, ಗ್ರೌಲ್‌ನಲ್ಲಿ (ಗುರುಗುಟ್ಟುವ ಹಾಡಿಕೆ) ಆ ಬಾಲ ಎಳೆದುಕೊಂಡು ರಿಫ್‌ನ ಕಡಿತ ಹಾಳಾಗುತ್ತದೆ. ಹಳೆಗನ್ನಡದ ನೆತ್ತರ್, ಕಣ್, ಪಲ್ (ಹಲ್ಲು), ಬಾಳ್ (ಕತ್ತಿ) ಥರದ ಪದಗಳು ಹೊಡೆತಕ್ಕೆ ಸರಿಯಾಗಿ ಕಡಿಯುತ್ತವೆ. ಈ ಸಂಗೀತಕ್ಕೇ ಹೇಳಿ ಮಾಡಿಸಿದಂತಿವೆ!

ಮಿಕ್ಸ್ ಬಂದಾಗ ಸ್ಟುಡಿಯೋ ಸ್ಪೀಕರ್ ನಂಬಬೇಡಿ. ಮಾಮೂಲಿ ಇಯರ್‌ಫೋನ್ ಹಾಕಿಕೊಂಡು ಬಿಎಂಟಿಸಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೇಳಿ. ಎಂಜಿನ್ ಸದ್ದು ತಳವನ್ನೆಲ್ಲ ನುಂಗಿದ ಮೇಲೂ ರಿಫ್ ಗುರುತು ಸಿಗಬೇಕು, ಕಿಕ್ ಎಣಿಸಲು ಬರಬೇಕು. ಬರದಿದ್ದರೆ ಮಾಸ್ಟರಿಂಗ್‌ಗೆ (ಬಿಡುಗಡೆಗೆ ಮುಂಚಿನ ಕೊನೆಯ ಹದ) ಕಳಿಸಬೇಡಿ. ಅಲ್ಲಿ ಸದ್ದು ಹೆಚ್ಚುತ್ತದೆ, ಸ್ಪಷ್ಟತೆ ಹೆಚ್ಚುವುದಿಲ್ಲ.

ಕೊನೆಗೆ ಪ್ರತಿ ಹಾಡಿಗೂ ರೆಕಾರ್ಡಿಂಗನ್ನು ಗುರುತಿಸುವ 12 ಅಕ್ಷರದ ಐಎಸ್‌ಆರ್‌ಸಿ ಕೋಡ್ ಬೇಕು; ಸಾಮಾನ್ಯವಾಗಿ ಡಿಜಿಟಲ್ ಡಿಸ್ಟ್ರಿಬ್ಯೂಟರ್‌ಗಳೇ ಕೊಡುತ್ತಾರೆ. ಮಾಸ್ಟರ್ ಫೈಲುಗಳನ್ನು 24 ಬಿಟ್ ವೇವ್‌ನಲ್ಲಿ, ಎರಡು ಬೇರೆ ಹಾರ್ಡ್ ಡಿಸ್ಕಿನಲ್ಲಿ, ಇಬ್ಬರು ಬೇರೆ ಸದಸ್ಯರ ಮನೆಯಲ್ಲಿ ಇಡಿ.