ಸಹೋದ್ಯೋಗಿಯೊಂದಿಗೆ ಮನಸ್ತಾಪ ಬಂದಾಗ

ಕಲಬುರಗಿಯಲ್ಲಿ ಬಿಸಿಲಿನ ಕಾರಣಕ್ಕೆ ಏಪ್ರಿಲ್, ಮೇ ತಿಂಗಳುಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನು ಸಾಮಾನ್ಯವಾಗಿ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ಎಂದು ಬದಲಾಯಿಸುತ್ತಾರೆ, ಅಷ್ಟೇ ಕಡತಗಳನ್ನು ಕಡಿಮೆ ಅವಧಿಯಲ್ಲಿ ಮುಗಿಸಬೇಕಾದ ಆ ದಿನಗಳಲ್ಲಿ ಸಣ್ಣ ಮಾತೂ ಜಗಳಕ್ಕೆ ತಿರುಗುತ್ತದೆ. ಆದ್ದರಿಂದ ತೊಂದರೆ ವ್ಯಕ್ತಿಯದೋ, ಕೆಲಸದ ಹಂಚಿಕೆಯದೋ ಎಂಬುದನ್ನು ಮೊದಲು ನೋಡಿಕೊಳ್ಳಿ. ಹಂಚಿಕೆಯದಾದರೆ, ಯಾರ ಕೆಲಸ ಯಾವುದೆಂಬುದನ್ನು ಮೇಲಧಿಕಾರಿಯಿಂದ ಬರವಣಿಗೆಯಲ್ಲಿ ಪಡೆಯಿರಿ.

ವ್ಯಕ್ತಿಯೇ ಕಾರಣವಾಗಿದ್ದರೆ, ಎಲ್ಲರೆದುರು ಉತ್ತರ ಕೊಡದೆ, ಚಹಾದ ಹೊತ್ತಿನಲ್ಲಿ ಅವರೊಬ್ಬರನ್ನೇ ಕರೆದು, “ಸರ್, ನಿನ್ನೆ ಮೀಟಿಂಗ್‌ನ್ಯಾಗ ನನ್ನ ಮಾತು ಎರಡು ಸಲ ತಡದ್ರಿ, ನನಗ ಬ್ಯಾಸರ ಆತ್ರಿ” ಎಂದು ನಡೆದ ಸಂಗತಿಯನ್ನಷ್ಟೇ ಹೇಳಿ. “ನಿಮ್ಮ ಸ್ವಭಾವಾನೇ ಹಿಂಗ” ಎಂದರೆ ಮಾತುಕತೆ ಅಲ್ಲಿಗೇ ಮುಗಿದಂತೆ. ಮೂರನೆಯವರ ಮೂಲಕ ಹೇಳಿಕಳಿಸುವ ನಮ್ಮೂರಿನ ಅಭ್ಯಾಸವಂತೂ ಬೇಡ, ದಾರಿಯಲ್ಲಿ ಮಾತಿಗೆ ರೆಕ್ಕೆ ಬೆಳೆಯುತ್ತದೆ.

ಮರುಕಳಿಸಿದರೆ ದಿನಾಂಕ, ವೇಳೆ, ಆಡಿದ ಮಾತು, ಎದುರಿದ್ದವರ ಹೆಸರುಗಳನ್ನು ಅಂದೇ ಬರೆದಿಡಿ.

ಲೈಂಗಿಕ ಕಿರುಕುಳಕ್ಕೆ ಮಾತ್ರ ಈ ಸಂಯಮದ ದಾರಿ ಸಲ್ಲದು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ 10 ಅಥವಾ ಹೆಚ್ಚು ನೌಕರರಿರುವಲ್ಲಿ ಇಂಥ ದೂರು ವಿಚಾರಿಸುವ ಆಂತರಿಕ ಸಮಿತಿ ಇರಲೇಬೇಕು. ನೊಂದ ಮಹಿಳೆ ಸಾಮಾನ್ಯವಾಗಿ 3 ತಿಂಗಳೊಳಗೆ ಅಲ್ಲಿಗೆ ಲಿಖಿತ ದೂರು ಕೊಡಬೇಕು, ಚಿಕ್ಕ ಸಂಸ್ಥೆಯವರಿಗೆ ಜಿಲ್ಲೆಯ ಸ್ಥಳೀಯ ಸಮಿತಿಯಿದೆ.